ಚಿಕ್ಕಪೇಟೆ ಸಂದಿಯಲ್ಲಿ ಸಿಕ್ಕಿದ ಹಳೇ ಬೌಲಿಂಗ್ ಬಾಲು: ಅಂಗಡಿ ರಿವ್ಯೂ, ಬಾಲ್ ರಿವ್ಯೂ ಎರಡೂ

ಅಂಗಡಿಗೆ ಬೋರ್ಡಿಲ್ಲ, ಅದಕ್ಕೇ ಹೆಸರು ಹಾಕೋಕಾಗ್ತಿಲ್ಲ. ಚಿಕ್ಕಪೇಟೆ ಮೆಟ್ರೋ ಇಳಿದು ಅವೆನ್ಯೂ ರೋಡ್ ಕಡೆ ನಡ್ಕೊಂಡು ಬಂದ್ರೆ ಪುಸ್ತಕದಂಗಡಿಗಳು ಮುಗಿಯೋ ಹತ್ರ ಒಂದು ಸಂದಿ, ಒಂದು ಸ್ಕೂಟರ್ ನಿಂತ್ರೆ ಇನ್ನೊಂದು ಹೋಗಲ್ಲ ಅಷ್ಟು ಕಿರಿದು, ಅದರೊಳಗೆ ಹಿತ್ತಾಳೆ ಸಾಮಾನು ಪಾಲಿಶ್ ಮಾಡೋರ ಪಕ್ಕ ಮೂರು ಮೆಟ್ಲು ಇಳಿದ್ರೆ ಸಿಗುತ್ತೆ. ಕತ್ತಲೆ ರೂಮು, ಉದ್ದಕ್ಕೆ ರೈಲು ಬೋಗಿ ಥರ. ಕೀಲಿ ಕೊಡೋ ಗೋಡೆ ಗಡಿಯಾರ, ಎಚ್‌ಎಂಟಿ ವಾಚು, ವಾಲ್ವ್ ರೇಡಿಯೋ, ಮೂಲೆ ಸವೆದ ಕೇರಂ ಬೋರ್ಡು, ಮರದ ಟೆನಿಸ್ ರ‍್ಯಾಕೆಟ್ಟು, ಎಲ್ಲಾ ಧೂಳಲ್ಲೇ ಇದೆ. ನಾನು ಹೋಗಿದ್ದು ಅಪ್ಪನ ವಾಚಿಗೆ ಡಯಲ್ ಹುಡುಕೋಕೆ. ಕೆಳಗಿನ ಶೆಲ್ಫಲ್ಲಿ, ತೂಕದ ಕಲ್ಲುಗಳ ಹಿಂದೆ, ಕರ್ರಗೆ ದುಂಡಗೆ ಏನೋ ಕಾಣ್ತು. ಬಗ್ಗಿ ಕೈ ಹಾಕ್ದೆ, ಬೆರಳು ತೂತೊಳಗೆ ಹೋಯ್ತು. ಆವಾಗ್ಲೇ ಗೊತ್ತಾಯ್ತು ಏನು ಅಂತ, ಎದೆ ಡಬ್ ಅಂತು ನಿಜವಾಗ್ಲೂ.

ಬೌಲಿಂಗ್ ಅಂದ್ರೆ ಕ್ರಿಕೆಟ್ಟಿಂದಲ್ಲ, ಲೇನ್ ಅನ್ನೋ ಉದ್ದ ಹಾದಿ ಮೇಲೆ ಭಾರದ ಬಾಲು ಉರುಳ್ಸಿ ಆ ಕೊನೇಲಿರೋ ಹತ್ತು ಪಿನ್ನು ಬೀಳ್ಸೋ ಆಟ. ನಾನು ಆಡೋಕೆ ಶುರು ಮಾಡಿದ್ದು ಕಾಲೇಜಲ್ಲಿದ್ದಾಗ, ಚರ್ಚ್ ಸ್ಟ್ರೀಟ್ ಅಮೀಬಾ ಅನ್ನೋ ಬೌಲಿಂಗ್ ಸೆಂಟರಲ್ಲಿ, ನಮ್ಮ ವಯಸ್ಸಿನ ಬೆಂಗಳೂರಿನೋರು ಸುಮಾರು ಜನ ಅಲ್ಲೇ ಶುರು ಮಾಡಿರ್ತಾರೆ. ಆಡ್ತಾ ಆಡ್ತಾ ಸ್ವಂತ ಬಾಲು ತಗೊಂಡೆ, ಆಮೇಲೆ ಆಟಕ್ಕಿಂತ ಬಾಲುಗಳ ಮೇಲೇ ಆಸೆ ಜಾಸ್ತಿ ಆಯ್ತು, ಹಳೇ ಬಾಲುಗಳ ಮೇಲೆ. ಈಗ ಹನ್ನೆರಡು ವರ್ಷ ಆಯ್ತು. ಮನೇಲಿ ಐದಿದೆ, ಇದು ಆರನೇದು.

ಇನ್ನು ಬಾಲಿನ ವಿಷಯ. ಬ್ರನ್ಸ್‌ವಿಕ್ ಬ್ಲ್ಯಾಕ್ ಬ್ಯೂಟಿ, ಗಟ್ಟಿ ರಬ್ಬರಿಂದು, 16 ಪೌಂಡು ಅಂದ್ರೆ ಏಳೂಕಾಲು ಕೆಜಿ. ಇದಕ್ಕಿಂತ ಭಾರದ ಬಾಲಿಗೆ ಆಟದ ನಿಯಮದಲ್ಲೇ ಜಾಗ ಇಲ್ಲ. ಅಂಗಡಿ ಯಜಮಾನರು ಹೇಳಿದ ಪ್ರಕಾರ ಫ್ರೇಜರ್ ಟೌನ್ ಕಡೆ ಒಂದು ಹಳೇ ಬಂಗ್ಲೆ ಖಾಲಿ ಮಾಡ್ವಾಗ ಬಂದಿದ್ದು, ಜೊತೆಗೆ ಒಂದು ಲೆದರ್ ಬ್ಯಾಗೂ ಇತ್ತಂತೆ, ಬ್ಯಾಗು ಬೇರೆ ಯಾರೋ ತಗೊಂಡು ಹೋದ್ರಂತೆ. ಅದನ್ನ ಕೇಳಿ ನಂಗೆ ತುಂಬಾ ಬೇಜಾರಾಯ್ತು. ಬಾಲು ಬ್ಯಾಗು ಒಟ್ಟಿಗೆ ಇದ್ದಿದ್ರೆ ಕತೆನೇ ಬೇರೆ, ಕಲೆಕ್ಟ್ ಮಾಡೋರು ಮೂಲ ಬ್ಯಾಗು, ಡಬ್ಬ, ಜೊತೆ ಬಂದ ಚೀಟಿ ಎಲ್ಲಾ ಸೇರಿಸಿ ನೋಡ್ತಾರೆ, ಬೇರೆ ಬೇರೆ ಆದ್ಮೇಲೆ ಮತ್ತೆ ಜೋಡಿ ಮಾಡೋಕಾಗಲ್ಲ.

ರೇಟು 4,500 ಹೇಳಿದ್ರು, ನಾನು 3,200ಕ್ಕೆ ತಂದೆ. ಜಾಸ್ತಿನಾ ಅಂತ ಕೇಳಿದ್ರೆ ಅಮೆರಿಕದ ಲೆಕ್ಕದಲ್ಲಿ ಜಾಸ್ತಿನೇ, ಅಲ್ಲಿ ಕಪ್ಪು ರಬ್ಬರ್ ಬಾಲುಗಳು ಲೆಕ್ಕ ಇಲ್ದಷ್ಟು ಮಾಡಿದಾರೆ, ಹಳೇ ಸಾಮಾನಿನ ಅಂಗಡೀಲಿ ಹತ್ತು ಡಾಲರ್‌ಗೂ ಸಿಗುತ್ತೆ. ಆದ್ರೆ ಅಲ್ಲಿಂದ ಏಳು ಕೆಜಿ ಗುಂಡನ್ನ ಇಲ್ಲಿಗೆ ತರ್ಸೋ ಖರ್ಚು ಇದ್ಯಲ್ಲ, ಬಾಲಿನ ಬೆಲೆಗಿಂತ ಎಷ್ಟೋ ಪಟ್ಟು, ಮೇಲೆ ಕಸ್ಟಮ್ಸ್. ಬೆಂಗಳೂರಲ್ಲಿ ಕೈಗೆ ಸಿಕ್ಕಿದ್ದಕ್ಕೆ ಈ ರೇಟು ನ್ಯಾಯ ಅಂತ ನನ್ನ ಅಭಿಪ್ರಾಯ.

ಮೆಟ್ರೋದಲ್ಲಿ ಸ್ಕ್ಯಾನರ್ ಹತ್ರ ನಿಲ್ಸಿದ್ರು, ಸ್ಕ್ರೀನಲ್ಲಿ ಕಪ್ಪು ಗುಂಡು ಕಂಡ್ರೆ ನಿಲ್ಸಲೇಬೇಕು, ತಪ್ಪಿಲ್ಲ. ಬ್ಯಾಗ್ ಬಿಚ್ಚಿ ತೋರಿಸ್ದೆ, ಸೆಕ್ಯುರಿಟಿ ಹೆಂಗಸು ಎತ್ತಿ ನೋಡಿ ಇಷ್ಟು ಭಾರನಾ, ಇದನ್ನ ಎಸೀತಾರಾ ಅಂದ್ರು, ಇಲ್ಲಮ್ಮ ಉರುಳ್ಸೋದು ಅಂದೆ. ನ್ಯಾಷನಲ್ ಕಾಲೇಜಲ್ಲಿ ಇಳಿದು ಆಟೋ ಮಾಡ್ಕೊಂಡು ಹನುಮಂತನಗರಕ್ಕೆ ಬಂದೆ. ಅಮ್ಮ ಬಾಗಿಲಲ್ಲೇ ನೋಡಿ "ಇದೇನೋ ರುಬ್ಬೋಗುಂಡು ತಂದಿದೀಯ" ಅಂದ್ರು. ಆಮೇಲೆ ಅವರೇ ಕೈಲಿ ಹಿಡಿದು ತಿರುಗಿಸಿ, ನಮ್ಮಜ್ಜಿ ಮನೆ ಗುಂಡಿಗೂ ಕೈ ಹಿಡಿಯೋ ಜಾಗದಲ್ಲಿ ಹಿಂಗೇ ನುಣ್ಣಗಾಗಿತ್ತು ಅಂದ್ರು. ಈ ಮಾತನ್ನ ನೆನಪಿಟ್ಕೊಳಿ, ಮುಂದೆ ಬರುತ್ತೆ.

ಹಳೇ ಬೌಲಿಂಗ್ ಬಾಲಿಗೆ ಯಾಕೆ ಬೆಲೆ ಬರುತ್ತೆ ಅಂತ ಸುಮಾರು ಜನ ಕೇಳ್ತಾರೆ, ಅದಕ್ಕೆ ಬಾಲು ಯಾವುದರಿಂದ ಮಾಡ್ತಿದ್ರು ಅನ್ನೋದರಿಂದ ಶುರು ಮಾಡ್ಬೇಕು. ಮೊದಲು ಮರ. ಲಿಗ್ನಮ್ ವಿಟೇ ಅಂತ, ಕೆರಿಬಿಯನ್ ಕಡೆ ಬೆಳೆಯೋ ಮರ. ನಮ್ಮ ಚನ್ನಪಟ್ಟಣದ ಬೊಂಬೆ ಮಾಡೋ ಹಾಲೆ ಮರ ಮೆತ್ತಗೆ, ಉಳಿ ಇಟ್ರೆ ಬೆಣ್ಣೆ ಥರ ಬಿಡುತ್ತೆ, ಇದು ಅದಕ್ಕೆ ತದ್ವಿರುದ್ಧ, ನೀರಿಗೆ ಹಾಕಿದ್ರೆ ಮುಳುಗುತ್ತೆ ಅಷ್ಟು ಗಟ್ಟಿ. ಮರದೊಳಗೇ ಎಣ್ಣೆ ಅಂಶ ಇರೋದ್ರಿಂದ ಹಡಗಿನ ಪ್ರೊಪೆಲರ್ ಶಾಫ್ಟಿಗೆ ಬೇರಿಂಗ್ ಆಗಿ ಕೂಡ ಹಾಕ್ತಿದ್ರು. ಎಷ್ಟೇ ಗಟ್ಟಿ ಆದ್ರೂ ಮರ ಮರಾನೇ, ಸೀಳು ಬಿಡುತ್ತೆ, ಚೆಕ್ಕೆ ಏಳುತ್ತೆ, ದುಂಡು ಹೋಗುತ್ತೆ. ಹಂಗಾಗಿ ಮರದ ಬಾಲು ಚೆನ್ನಾಗಿ ಉಳಿದಿರೋದು ಕಮ್ಮಿ, ಸಿಕ್ರೆ ಬೆಲೆ. ಈಗ ಆ ಮರದ ವ್ಯಾಪಾರಕ್ಕೇ ಅಂತಾರಾಷ್ಟ್ರೀಯ ನಿರ್ಬಂಧ ಇದೆ, ಹೊಸದಾಗಿ ಯಾರೂ ಮಾಡೋ ಮಾತೇ ಇಲ್ಲ.

1905ರಲ್ಲಿ ಎವರ್‌ಟ್ರೂ ಅನ್ನೋ ರಬ್ಬರ್ ಬಾಲು ಬಂತು. ಆಮೇಲೆ 1914ರಲ್ಲಿ ಬ್ರನ್ಸ್‌ವಿಕ್‌ನೋರು ಮಿನರಲೈಟ್ ಅಂತ ಗಟ್ಟಿ ರಬ್ಬರ್ ಬಾಲನ್ನ ದೊಡ್ಡದಾಗಿ ಪ್ರಚಾರ ಮಾಡಿದ್ರು. ಬ್ರನ್ಸ್‌ವಿಕ್ ಶುರುವಾಗಿದ್ದು 1845ರಲ್ಲಿ, ಸಿನ್ಸಿನಾಟಿಯಲ್ಲಿ, ಗಾಡಿ ಮಾಡೋ ಕಸುಬಿನೋರು, ಆಮೇಲೆ ಬಿಲಿಯರ್ಡ್ಸ್ ಟೇಬಲ್ಲು, ಆಮೇಲೆ ಬೌಲಿಂಗು. ಮಿನರಲೈಟ್ ಅಂತ ಕೆತ್ತಿರೋ ಹಳೇ ಬಾಲಿಗೆ ಎಷ್ಟೋ ಸಲ ಎರಡೇ ತೂತು ಇರುತ್ತೆ, ಹೆಬ್ಬೆರಳಿಗೊಂದು, ನಡುಬೆರಳಿಗೊಂದು. ಮೂರು ತೂತಿನ ಪದ್ಧತಿ ಎಲ್ಲಾ ಕಡೆ ನಿಂತಿದ್ದು ಆಮೇಲೆ. ಅದಕ್ಕೇ ಹಳೇ ಬಾಲು ಸಿಕ್ರೆ ನಾನು ಹೆಸರು ಓದೋಕೆ ಮುಂಚೆ ತೂತು ಎಣಿಸ್ತೀನಿ.

1960ರ ಹೊತ್ತಿಗೆ ಪಾಲಿಯೆಸ್ಟರ್ ಅನ್ನೋ ಪ್ಲಾಸ್ಟಿಕ್ಕು ಬಂತು, ಬಣ್ಣ ಬಂತು. ಅಲ್ಲೀವರೆಗೂ ಹೆಚ್ಚಾಗಿ ಕಪ್ಪು, ಅಲ್ಲೊಂದು ಇಲ್ಲೊಂದು ಸುರುಳಿ ಬಣ್ಣದ ರಬ್ಬರು. ಪಾಲಿಯೆಸ್ಟರ್ ಬಂದ್ಮೇಲೆ ಮುತ್ತಿನ ಹೊಳಪಿನ ಬಾಲುಗಳು. ನಾನು ರಬ್ಬರಿನವನು, ಆದ್ರೂ ಒಳ್ಳೇ ಸ್ಥಿತಿಯಲ್ಲಿರೋ 60ರ ದಶಕದ ಪರ್ಲ್ ಬಾಲನ್ನ ಬಿಸಿಲಿಗೆ ಹಿಡಿದ್ರೆ ಕಣ್ಣು ತೆಗೆಯೋಕಾಗಲ್ಲ, ಒಪ್ಕೋತೀನಿ.

ಇಲ್ಲಿಂದ ಮುಂದೆ ಕತೆ ರುಚಿ. ಅಂಗಡೀಲಿ ಎರಡನೇ ಬಾಲು ಇತ್ತು ಅಂತ ಹೇಳ್ಲಿಲ್ಲ ಅಲ್ವಾ. ಕೊಲಂಬಿಯಾ ಯೆಲ್ಲೋ ಡಾಟ್. ಗಾಢ ಕೆಂಪು ಪಾಲಿಯೆಸ್ಟರು, ಮೈಮೇಲೆ ಹಳದಿ ಚುಕ್ಕಿ. ಇದು ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೋದ ಕಂಪನಿದು. 1970ರ ದಶಕದಲ್ಲಿ ಇದರ ಹಿಂದೆ ಬಿದ್ದಷ್ಟು ಜನ ಬೇರೆ ಯಾವ ಬಾಲಿನ ಹಿಂದೂ ಬಿದ್ದಿರ್ಲಿಲ್ಲವೇನೋ. ಯಾಕಂದ್ರೆ ಇದು ಮೆತ್ತಗೆ, ಮೆತ್ತಗಿರೋ ಬಾಲು ಲೇನ್ ಹಿಡಿಯುತ್ತೆ, ಹಿಡಿದ್ರೆ ಕೊನೇಲಿ ತಿರುಗುತ್ತೆ, ತಿರುಗಿದ್ರೆ ಪಿನ್ನು ಉದುರುತ್ತೆ. ಡಾನ್ ಮೆಕ್ಯೂನ್ ಅನ್ನೋ ಪ್ರೊಫೆಷನಲ್ ಆಟಗಾರ ಬಾಲನ್ನ ಕೆಮಿಕಲ್ಲಲ್ಲಿ ನೆನೆಹಾಕಿ ಮೇಲ್ಮೈ ಮೆತ್ತಗೆ ಮಾಡೋದು ಕಂಡ್ಕೊಂಡ್ರು, 1973ರಲ್ಲಿ ಆರು ಟೈಟಲ್ ಗೆದ್ರು, ಆ ವರ್ಷದ ಶ್ರೇಷ್ಠ ಆಟಗಾರನೂ ಅವರೇ. ಆ ನೆನೆಹಾಕಿದ ಬಾಲುಗಳಿಗೆ ಸೋಕರ್ ಅಂತ ಹೆಸರೇ ಬಿತ್ತು. ಆಮೇಲೆ ಬಾಲು ಇಷ್ಟಾದ್ರೂ ಗಟ್ಟಿ ಇರ್ಬೇಕು ಅಂತ ನಿಯಮ ಬಂತು, ಗಟ್ಟಿತನ ಅಳೆಯೋ ಡ್ಯೂರೋಮೀಟರಲ್ಲಿ ಕಮ್ಮಿ ಅಂದ್ರೆ 72 ತೋರಿಸ್ಬೇಕು ಅಂತ. ಯೆಲ್ಲೋ ಡಾಟಲ್ಲೂ ಒಂದು ಜಾತಿ ಇದೆ, ಬ್ಲೀಡರ್ ಅಂತಾರೆ, ಚುಕ್ಕಿಯ ಹಳದಿ, ಸುತ್ತಲಿನ ಕೆಂಪು ಎರಡೂ ಕಲೆಸಿಹೋಗಿರುತ್ತೆ, ಕುಂಕುಮದ ನೀರು ಅರಿಶಿನದ ಮೇಲೆ ಬಿದ್ದ ಹಾಗೆ. ತಯಾರಿಕೆಯಲ್ಲಿ ಆದ ಆ ಎಡವಟ್ಟೇ ಈಗ ಅದರ ಗುರುತು, ಅದನ್ನೇ ಹುಡುಕ್ಕೊಂಡು ಹೋಗ್ತಾರೆ.

ಅಂಗಡಿಯ ಯೆಲ್ಲೋ ಡಾಟಲ್ಲಿ ಚುಕ್ಕಿ ಸ್ವಲ್ಪ ಕಲೆಸಿದೆ, ಟಾರ್ಚ್ ಹಾಕಿ ಹತ್ತು ನಿಮಿಷ ನೋಡ್ದೆ. ಆದ್ರೆ ಹಳೇ ತೂತು ಮೂರನ್ನೂ ಮುಚ್ಚಿ ಪಕ್ಕದಲ್ಲಿ ಹೊಸದಾಗಿ ಕೊರೆದಿದಾರೆ, ಮುಚ್ಚಿದ ಜಾಗದ ಬಣ್ಣ ಬೇರೆ, ದುಂಡಗೆ ತೇಪೆ ಹಾಕಿದಂಗೆ ಕಾಣುತ್ತೆ, ಒಂದು ತೇಪೆ ಅಂಚಿಂದ ಕೂದಲೆಳೆಯಷ್ಟು ಬಿರುಕೂ ಶುರುವಾಗಿದೆ. ಯಜಮಾನರು 9,000 ಹೇಳಿದ್ರು, ಇದು ಫೇಮಸ್ ಬಾಲು ಅಂತ ಯಾರೋ ಅವರ ತಲೇಲಿ ಹಾಕಿದಾರೆ. ಫೇಮಸ್ ಹೌದು. ಈ ಸ್ಥಿತಿಗೆ ಆ ರೇಟು ಕೊಡ್ಬೇಡಿ, ನಾಲ್ಕು ಸಾವಿರ ದಾಟಿದ್ರೆ ಎದ್ದು ಬನ್ನಿ.

ಆಮೇಲೆ 80ರ ದಶಕದ ಶುರುವಲ್ಲಿ ಯುರೇಥೇನ್ ಅನ್ನೋ ಇನ್ನೊಂದು ಥರದ ಪ್ಲಾಸ್ಟಿಕ್ಕು ಬಂತು, ಎಎಂಎಫ್ ಆಂಗಲ್ ಅನ್ನೋ ಬಾಲಿಂದ. 90ರ ದಶಕದ ಶುರುವಲ್ಲಿ ಲೇನ್ ಇನ್ನೂ ಜಾಸ್ತಿ ಹಿಡಿಯೋ ರಿಯಾಕ್ಟಿವ್ ರೆಸಿನ್, ಎಕ್ಸ್-ಕ್ಯಾಲಿಬರ್ ಅನ್ನೋದರಿಂದ. ಹಿಂಗೆ ಒಂದೊಂದು ತಿರುವಿನ ಮೊದಲ ಬಾಲಿಗೂ ಬೆಲೆ, ಆಟ ಬದಲಾಗಿದ್ದು ಆ ಬಾಲಿಂದ ಅನ್ನೋ ಕಾರಣಕ್ಕೆ. ರಿಯಾಕ್ಟಿವ್ ಬಾಲಿನ ಬಗ್ಗೆ ಒಂದು ಮಾತು: ಅದು ಲೇನಿಗೆ ಹಚ್ಚಿರೋ ಎಣ್ಣೆ ಹೀರ್ಕೊಳುತ್ತೆ, ಹೀರ್ಕೊಂಡು ಹೀರ್ಕೊಂಡು ಕೆಲವು ನೂರು ಗೇಮಲ್ಲಿ ತಿರುಗೋ ಶಕ್ತಿ ಕಳ್ಕೊಳುತ್ತೆ, ಎಷ್ಟೋ ಬಾಲು ಶೆಲ್ಫಲ್ಲಿ ಸುಮ್ನೆ ಇಟ್ರೂ ಸೀಳುತ್ತೆ. ನನ್ನ ರಿಯಾಕ್ಟಿವ್ ಆರು ವರ್ಷಕ್ಕೆ ಬಿರುಕು ಬಿಡ್ತು. ಈ ರಬ್ಬರ್ ಬಾಲು ಅರವತ್ತು ವರ್ಷದ ಮೇಲಾದ್ರೂ ಒಂದು ಗೆರೆ ಬಿರುಕಿಲ್ಲ.

ನಿಷೇಧ ಆದ ಬಾಲಿಗೂ ಹುಡುಕಾಟ ಇರುತ್ತೆ. 2022ರಲ್ಲಿ, 2016-17ರಲ್ಲಿ ಮಾಡಿದ ಪರ್ಪಲ್ ಹ್ಯಾಮರ್ ಅನ್ನೋ ಬಾಲುಗಳಿಗೆ ಇದೇ ಗಟ್ಟಿತನದ ತಕರಾರಲ್ಲಿ ಅಮೆರಿಕದ ಬೌಲಿಂಗ್ ಸಂಸ್ಥೆ ಅನುಮತಿ ವಾಪಸ್ ತಗೊಂಡ್ತು, ಐವತ್ತು ವರ್ಷದ ಹಿಂದಿನ ಸೋಕರ್ ಜಗಳಾನೇ ಮತ್ತೆ. ಕಂಪನಿ ಮುಚ್ಚಿದ್ರೆ, ಕೈ ಬದಲಾದ್ರೆ ಅದೂ ಒಂದು ಕಾರಣ. 2019ರಲ್ಲಿ ಎಬೊನೈಟನ್ನ ಬ್ರನ್ಸ್‌ವಿಕ್ ಕೊಂಡ್ಕೊಂಡ ಮೇಲೆ ಎಬೊನೈಟು, ಹ್ಯಾಮರು, ಕೊಲಂಬಿಯಾ ಎಲ್ಲಾ ಒಂದೇ ಮನೆ ಆಯ್ತು, ಬೇರೆ ಬೇರೆ ಊರಲ್ಲಿ ಬೇರೆ ಬೇರೆಯಾಗಿ ಮಾಡ್ತಿದ್ದ ಕಾಲದ ಬಾಲುಗಳು ಇನ್ನು ಇರೋವಷ್ಟೇ.

ಆದ್ರೆ ಎಲ್ಲಕ್ಕಿಂತ ದೊಡ್ಡ ಕಾರಣ ತೂತು. ಬೇರೆ ಆಟದ ಸಾಮಾನು ಯಾರ ಕೈಗಾದ್ರೂ ಆಗುತ್ತೆ. ಸ್ವಂತ ಬೌಲಿಂಗ್ ಬಾಲು ತಗೊಂಡ್ರೆ ಮೊದಲು ನಿಮ್ಮ ಕೈ ಅಳತೆ ತಗೋತಾರೆ, ಹೆಬ್ಬೆರಳಿಂದ ಮಿಕ್ಕೆರಡು ಬೆರಳಿಗೆ ಎಷ್ಟು ದೂರ, ತೂತು ಎಷ್ಟು ವಾರೆ, ಎಷ್ಟು ಅಗಲ, ಆಮೇಲೆ ಕೊರೀತಾರೆ. ಕೊರೆದ ಮೇಲೆ ಅದು ನಿಮ್ಮ ಕೈದೇ. ಹಂಗಾಗಿ ಒಂದ್ಸಲಾನೂ ಕೊರೀದೆ ಡಬ್ಬದಲ್ಲೇ ಉಳಿದ ಹಳೇ ಬಾಲಿಗೆ ಜಾಸ್ತಿ ದುಡ್ಡು ಕೊಡ್ತಾರೆ, ಬಾಲು ತಗೊಂಡು ಆಡ್ದೇ ಇಟ್ಟೋರು ಯಾರಿದಾರೆ ಹೇಳಿ, ಅದಕ್ಕೇ ಅಪರೂಪ. ದುಡ್ಡಿನ ಲೆಕ್ಕ ಅದು, ಸರಿನೇ. ನನ್ನ ಲೆಕ್ಕ ಉಲ್ಟಾ, ನಂಗೆ ಕೊರೆದಿರೋದೇ ಬೇಕು.

ನನ್ನ ಬ್ಲ್ಯಾಕ್ ಬ್ಯೂಟಿನ ಒದ್ದೆ ಬಟ್ಟೇಲಿ ಒರೆಸಿ ಕಿಟಕಿ ಹತ್ರ ಇಟ್ಟು ನೋಡ್ದೆ. ಬಿಸಿಲು ತಿಂದ ಕಡೆ ಕಪ್ಪು ಹೋಗಿ ಕಾಫಿ ಬಣ್ಣಕ್ಕೆ ತಿರುಗಿದೆ, ಹಳೇ ರಬ್ಬರಿನ ಲಕ್ಷಣ ಅದು, ಮೂಗಿಗೆ ಹಿಡಿದ್ರೆ ಸಣ್ಣಗೆ ಗಂಧಕದ ವಾಸನೆ. ನಡುಬೆರಳಿನ ತೂತು, ಉಂಗುರಬೆರಳಿನ ತೂತು ಇರೋ ದೂರ ಅಳೆದ್ರೆ ಬಲಗೈ ಆಟಗಾರ. ಬೆರಳು ಎರಡನೇ ಗೆಣ್ಣಿನವರೆಗೂ ಒಳಗೆ ಹೋಗುತ್ತೆ, ಹಳೇ ಹಿಡಿತ. ಹೆಬ್ಬೆರಳಿನ ತೂತಿನ ಒಂದು ಅಂಚು ಮಾತ್ರ ಸವೆದು ನುಣ್ಣಗಾಗಿದೆ, ಪ್ರತೀ ಸಲ ಹೆಬ್ಬೆರಳು ಅದೇ ಕಡೆಯಿಂದ ಜಾರಿ ಈಚೆ ಬಂದಿದೆ. ಅಮ್ಮ ಹೇಳಿದ ರುಬ್ಬೋಗುಂಡಿನ ನುಣುಪು ಇದೇ. ಇನ್ನೂ ಒಂದಿದೆ. ಬಾಲು ಉರುಳ್ತಾ ಉರುಳ್ತಾ ಲೇನ್ ತಾಗೋ ಜಾಗದಲ್ಲಿ ಸಣ್ಣ ಗೀರುಗಳು ಬಿದ್ದು ಸುತ್ತ ಒಂದು ಬಳೆ ಥರ ಗುರುತಾಗುತ್ತೆ, ಟ್ರ್ಯಾಕ್ ಅಂತಾರೆ. ಈಗಿನೋರ ಬಾಲಲ್ಲಿ ಆ ಬಳೆ ತೂತುಗಳಿಂದ ಆಚೆ ಇರುತ್ತೆ. ನನ್ನ ಬಾಲಲ್ಲಿ ಹೆಬ್ಬೆರಳಿಗೂ ಮಿಕ್ಕ ಬೆರಳಿಗೂ ಮಧ್ಯದಲ್ಲೇ ಹಾದು ಹೋಗಿದೆ. ಅಂದ್ರೆ ಆ ವ್ಯಕ್ತಿ ಫುಲ್ ರೋಲರ್, ಬಾಲಿನ ಪೂರ್ತಿ ಸುತ್ತಳತೆ ಮೇಲೆ ಉರುಳಿಸ್ತಿದ್ದೋರು, ಒಂದು ಕಾಲದಲ್ಲಿ ಹೆಚ್ಚು ಜನ ಹಂಗೇ ಆಡ್ತಿದ್ರು, ಈಗ ಹಂಗೆ ಆಡೋರನ್ನ ನಾನು ಬೆಂಗಳೂರಲ್ಲಿ ಒಬ್ಬರನ್ನೂ ನೋಡಿಲ್ಲ. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಆದ್ರೆ ಅವರ ಕೈ ಎಷ್ಟು ದೊಡ್ಡದು, ಮಣಿಕಟ್ಟು ಹೆಂಗೆ ತಿರುಗಿಸ್ತಿದ್ರು ಅಂತ ನನ್ನ ಟೇಬಲ್ ಮೇಲೆ ಇದೆ.

ಇದನ್ನ ಇಷ್ಟು ಬಿಡಿಸಿ ಹೇಳೋಕೆ ಕಾರಣ ಇದೆ. ನನ್ನ ಎರಡನೇ ಬಾಲು, ಅದೂ ಗಟ್ಟಿ ರಬ್ಬರೇ, ಎಂಟು ವರ್ಷದ ಹಿಂದೆ ಸಿಕ್ಕಿದ್ದು, ಮೇಲೆಲ್ಲಾ ಗೀರಿದೆ ಅಂತ ನಾನೇ ಒಬ್ಬ ಪಾಲಿಶ್ ಮಾಡೋರ ಹತ್ರ ಕೊಟ್ಟೆ, ಗ್ರಾನೈಟ್ ಕೆಲಸದೋರು. ಹೊಳಪು ಮಾತ್ರ ಬರಿಸಿ ಅಂತ ಹೇಳಿದ್ದೆ, ಅವರು ಮಷೀನಿಗೆ ಹಾಕಿ ಪೂರ್ತಿ ಒಂದು ಪದರ ತೆಗೆದು ಕೊಟ್ರು. ಕನ್ನಡಿ ಥರ ಹೊಳೀತಿತ್ತು. ಸೀರಿಯಲ್ ನಂಬರ್ ಇಲ್ಲ, ಕೆತ್ತಿದ್ದ ಹೆಸರು ಅರ್ಧ ಇಲ್ಲ, ಟ್ರ್ಯಾಕ್ ಇಲ್ಲ. ಆವತ್ತು ನಂಗೆ ಟ್ರ್ಯಾಕ್ ಅಂದ್ರೆ ಏನು ಅಂತಾನೂ ಗೊತ್ತಿರ್ಲಿಲ್ಲ, ಕಳ್ಕೊಂಡಿದ್ದು ಏನು ಅಂತ ಎರಡು ವರ್ಷ ಆದ್ಮೇಲೆ ತಿಳೀತು. ಈಗ್ಲೂ ಆ ಬಾಲು ನೋಡಿದ್ರೆ ಸಂಕಟ ಆಗುತ್ತೆ.

ಹೊಸ ಬಾಲನ್ನ ನಾನು ಆಡೋ ಕಡೆ ಡ್ರಿಲ್ಲಿಂಗ್ ಮಾಡೋರಿಗೆ ತೋರಿಸ್ದೆ. ಅವರು ಒಳ್ಳೇ ಕೆಲಸಗಾರರು, ತೂತು ಮುಚ್ಚಿ ನಿಮ್ಮ ಅಳತೆಗೆ ಕೊರೆದು ಕೊಡ್ತೀನಿ, ಒಂದು ವಾರ ಅಂದ್ರು. ಬೇಡ ಅಂದೆ, ಯಾಕೆ ಅಂತ ಹೇಳ್ದೆ, ಅರ್ಥ ಮಾಡ್ಕೊಂಡ್ರು, ಆಮೇಲೆ ಅವರೇ ಟ್ರ್ಯಾಕ್ ಮೇಲೆ ಬೆರಳಾಡಿಸಿ ಸುಮಾರು ಹೊತ್ತು ನೋಡಿದ್ರು. ಅಳತೆ ನನ್ನ ಕೈಗಿಂತ ಸ್ವಲ್ಪ ಉದ್ದ, ಹೆಬ್ಬೆರಳು ಸಡಿಲ, ಆದ್ರೂ ಒಂದು ಗೇಮ್ ಆಡ್ದೆ, ಮೆಲ್ಲಗೆ. ಈಗಿನ ಸಿಂಥೆಟಿಕ್ ಲೇನಲ್ಲಿ ಎಣ್ಣೆ ಮೇಲೆ ಸೀದಾ ಜಾರ್ಕೊಂಡು ಹೋಗುತ್ತೆ, ತಿರುಗೋ ಮಾತೇ ಇಲ್ಲ, ಒಳಗಿನ ತೂಕದ ಕಟ್ಟೇ ಹಳೇ ಕಾಲದ್ದು. ಆದ್ರೆ ಪಿನ್ನಿಗೆ ಬಡಿದಾಗ ಸದ್ದು! ಹೊಸ ಬಾಲಿನ ಠಳ್ ಅನ್ನೋದಲ್ಲ, ದಪ್ಪಗೆ, ಒರಳಿಗೆ ಒನಕೆ ಬಿದ್ದ ಹಾಗೆ. 118 ಆಯ್ತು ಸ್ಕೋರು. ಮತ್ತೆ ಆಡ್ಸಲ್ಲ ಅದನ್ನ, ಒಂದ್ಸಲ ಆ ಸದ್ದು ಕೇಳ್ಬೇಕಿತ್ತು.

ಅಂಗಡಿ ವಿಷಯಕ್ಕೆ ವಾಪಸ್ ಬರ್ತೀನಿ. ಯಜಮಾನರು ಮಾತು ಕಮ್ಮಿ, ಮುಟ್ಟಿ ನೋಡೋಕೆ ಬಿಡ್ತಾರೆ, ಗಂಟೆಗಟ್ಲೆ ಕೂತ್ರೂ ಏಳಿ ಅನ್ನಲ್ಲ, ನಂಗೆ ಬೈಟೂ ಕಾಫಿ ತರ್ಸಿದ್ರು. ಅವರಿಗೆ ವಾಚು ರೇಡಿಯೋ ಬಗ್ಗೆ ಗೊತ್ತು, ಬಾಲುಗಳ ಬಗ್ಗೆ ಗೊತ್ತಿಲ್ಲ, ಕೇಳಿದ್ದಕ್ಕೆ ಗೊತ್ತಿಲ್ಲ ಅಂತಾನೇ ಹೇಳ್ತಾರೆ, ಆ ಪ್ರಾಮಾಣಿಕತೆ ನಂಗಿಷ್ಟ ಆಯ್ತು. ಬ್ರಿಟಿಷ್ ಕಾಲದ ಬೌಲಿಂಗ್ ಬಾಲು ಅಂತ ಜೋಡಿ ಮರದ ಗುಂಡು ಇಟ್ಟಿದ್ರು, ತೂತಿಲ್ಲ, ತೆಂಗಿನಕಾಯಿಗಿಂತ ಸಣ್ಣದು, ಗುಂಡಿನ ಪಕ್ಕೆಯಲ್ಲಿ ಬಿಳಿ ಬಿಲ್ಲೆ ಕೂರಿಸಿದೆ. ಅದು ಲಾನ್ ಬೌಲ್ಸ್‌ದು, ಹುಲ್ಲಿನ ಮೇಲೆ ಆಡೋ ಆಟ, ಕೋಲ್ಕತ್ತಾ ಕ್ಲಬ್ಬುಗಳಲ್ಲಿ ಈಗ್ಲೂ ಆಡ್ತಾರೆ. ಪೂರ್ತಿ ದುಂಡಿರಲ್ಲ, ಬೇಕಂತಲೇ ಒಂದು ಕಡೆ ವಾಲೋ ಹಾಗೆ ಮಾಡಿರ್ತಾರೆ, ನೆಲದ ಮೇಲೆ ಬಿಟ್ಟು ತೋರಿಸ್ದೆ, ಬಾಗಿ ಹೋಯ್ತು, ಯಜಮಾನರು ಎದ್ದು ನಿಂತು ನೋಡಿದ್ರು. ತಕ್ಷಣ ಚೀಟಿ ತೆಗೆದು ಸರಿಯಾದ ಹೆಸರು ಕನ್ನಡದಲ್ಲಿ ಬರೆಸ್ಕೊಂಡ್ರು. ಇನ್ನೊಂದು ಮೂಲೇಲಿ ಮುಚ್ಚಿಹೋದ ಯಾವುದೋ ಬೌಲಿಂಗ್ ಸೆಂಟರಿನ ಬಾಡಿಗೆ ಬಾಲುಗಳು ಏಳೆಂಟಿವೆ, ಹಸಿರು ಕಿತ್ತಳೆ, ಅವು ಬರೀ ಪ್ಲಾಸ್ಟಿಕ್ಕು, ಅದಕ್ಕೆ ದುಡ್ಡು ಹಾಕ್ಬೇಡಿ.

ತೊಂದರೆ ಅಂದ್ರೆ ಪ್ಯಾಕಿಂಗ್, ನ್ಯೂಸ್‌ಪೇಪರ್ ಸುತ್ತಿ ಕೊಡ್ತಾರೆ, ಏಳು ಕೆಜಿಗೆ ಅದು ಸಾಕಾಗಲ್ಲ, ಗಟ್ಟಿ ಬ್ಯಾಗು ಹಳೇ ಟವಲ್ಲು ನೀವೇ ತಗೊಂಡೋಗಿ. ಗಾಡಿ ತರೋದೇ ಬೇಡ. ಯುಪಿಐ ಇದೆ, ಬಿಲ್ ಕೇಳಿದ್ರೆ ಕೈಯಲ್ಲಿ ಬರೆದು ಕೊಡ್ತಾರೆ. ಭಾನುವಾರ ಬೆಳಿಗ್ಗೆ ಹತ್ತರ ಮುಂಚೆ ಹೋದ್ರೆ ಜನ ಕಮ್ಮಿ. ಮನೆಗೆ ತಂದ ಮೇಲೆ ಬಿಸಿಲಿಗಿಡ್ಬೇಡಿ, ಕಾರಿನ ಡಿಕ್ಕೀಲಂತೂ ಬಿಡ್ಲೇಬೇಡಿ, ಬಿಸಿ ತಂಪು ಬಿಸಿ ತಂಪು ಆದ್ರೆ ಪಾಲಿಯೆಸ್ಟರ್ ಬಾಲು ಸೀಳಿಹೋಗುತ್ತೆ, ಥಿನ್ನರ್ ಪೆಟ್ರೋಲ್ ಹಾಕಿ ಒರೆಸ್ಬೇಡಿ, ನೀರು ಒದ್ದೆ ಬಟ್ಟೆ ಸಾಕು, ಕೆಳಗೆ ಒಂದು ಸಿಂಬಿ ಇಟ್ಟು ಅದರ ಮೇಲೆ ಕೂರ್ಸಿ.

ಅಂಗಡಿಗೆ ಐದಕ್ಕೆ ನಾಲ್ಕು. ಬಾಲಿಗೆ ಐದಕ್ಕೆ ಐದು.

ಯೆಲ್ಲೋ ಡಾಟ್ ಹೋದ ಭಾನುವಾರ ನೋಡ್ದಾಗ ಇನ್ನೂ ಅಲ್ಲೇ ಇತ್ತು, ಬಾಗಿಲ ಹತ್ರ ತಂದಿಟ್ಟಿದಾರೆ, ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೇ ಬೀಳುತ್ತೆ. ಒಳಗಿಡಿ ಸಾರ್ ಅಂತ ಹೇಳಿ ನಾನೇ ಎತ್ತಿ ಕೆಳಗಿನ ಶೆಲ್ಫಿಗೆ ಸೇರಿಸಿ ಬಂದೆ. ನೀವು ಹೋದಾಗ ಮತ್ತೆ ಬಾಗಿಲಲ್ಲಿದ್ರೆ, ತಗೊಳ್ದಿದ್ರೂ ಪರವಾಗಿಲ್ಲ, ದಯವಿಟ್ಟು ನೆರಳಿಗೆ ಸರಿಸಿ ಬನ್ನಿ.